ನೊರೆ ಬರಬಾರದಿದ್ದ ಬಾಟಲಿ

ಔಷಧಿ ಅಂಗಡಿಯ ಯಾಸ್ನಾ ಮೈತೊಳೆಯುವ ದ್ರವದ ನಾಲ್ಕನೆಯ ಬಾಟಲಿಯನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಇಟ್ಟಮೇಲೂ ಕೈ ತೆಗೆಯದೆ, ಮುಚ್ಚಳದ ಮೇಲೆ ಬೆರಳೂರಿಕೊಂಡೇ ನಿಂತಳು.

"ಇದಕ್ಕಿಂತ ಮೆತ್ತಗಿರೋದು ನನ್ನ ಹತ್ರ ಇಲ್ಲ ಕಣೇ ತಿಯಾನಾ. ವಾಸನೆ ಇಲ್ಲ, ಬಣ್ಣ ಇಲ್ಲ, ಸೋಪಿನ ಅಂಶವೇ ಇಲ್ಲ. ಇದೂ ಉರಿದ್ರೆ ಒಳಗೇ ಏನೋ ಇದೆ ಅಂತ ಅರ್ಥ. ನಿಶ್‌ಗೆ ದೊಡ್ಡ ಡಾಕ್ಟರ ಹತ್ರ ಕರ್ಕೊಂಡು ಹೋಗೋದೇ ದಾರಿ."

ನಿಶ್‌ನ ಚರ್ಮದ ಡಾಕ್ಟರು ಜೂನ್ ತಿಂಗಳಿಗೆ ದಿನ ಕೊಟ್ಟಿದ್ದರು. ಈಗಿನ್ನೂ ಮಾರ್ಚ್. ತಿಯಾನಾ ಬಾಟಲಿಯನ್ನೇ ನೋಡಿದಳು. ಶನಿವಾರದ ಅರ್ಧ ಪಾಳಿ ಮುಗಿಸಿ, ಬೂಟಿನ ಅಟ್ಟೆಗೆ ಬಳಿಯುವ ಅಂಟು ಇನ್ನೂ ಬೆರಳ ಸಂದಿಯಲ್ಲಿರುವಾಗಲೇ ಕಾರ್ಖಾನೆಯಿಂದ ನೇರ ಇಲ್ಲಿಗೆ ಬಂದಿದ್ದಳು. ನಾಲ್ಕು ವರ್ಷದ ಮಗಳು ಲೆಂಕಾಳ ಮೈ ಶರತ್ಕಾಲದಿಂದಲೂ ಹಾಗೇ ಇತ್ತು. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಎರಡೂ ಕೆನ್ನೆ ಹಳೇ ರೊಟ್ಟಿಯ ಸಿಪ್ಪೆಯಂತೆ ಒಣಗಿ, ಬಿರಿದು, ಕೆಂಪಾಗಿ. ನೀರು ಬಿದ್ದರೆ ಸಾಕು, ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು. ವಾಸಿಯಾಗುವವರೆಗೂ ಕರೆತರಬೇಡಿ ಎಂದು ಶಿಶುವಿಹಾರದವರು ಹೇಳಿಬಿಟ್ಟಿದ್ದರು.

ಒಬ್ಬೊಬ್ಬರು ಹೇಳಿದ್ದನ್ನೂ ಒಂದೊಂದಾಗಿ ಮಾಡಿ ಆಗಿತ್ತು. ಹಾಲು ನಿಂತಿತು, ಮೊಟ್ಟೆ ನಿಂತಿತು, ಜೇನು ನಿಂತಿತು. ಉಣ್ಣೆಯ ಒಳಅಂಗಿ ಪೆಟ್ಟಿಗೆ ಸೇರಿತು. ಕಡೆಗೆ ಬೆಕ್ಕಿನ ಕೂದಲಿರಬಹುದು ಎಂದು ಯಾರೋ ಅಂದಿದ್ದಕ್ಕೆ, ಲೆಂಕಾ ಮಗ್ಗುಲಲ್ಲಿಟ್ಟುಕೊಂಡೇ ಮಲಗುತ್ತಿದ್ದ ಗಾರಾ ಎಂಬ ಕರಿಬೆಕ್ಕನ್ನು ಈರುಳ್ಳಿ ಚೀಲದಲ್ಲಿ ಕಟ್ಟಿ ಗುಡ್ಡದಾಚೆಯ ಹಳ್ಳಿಗೆ, ಗಂಡನ ಚಿಕ್ಕಪ್ಪನ ಮನೆಗೆ ಸಾಗಿಸಿದ್ದೂ ಆಯಿತು. ಮೈ ವಾಸಿಯಾದ ದಿನ ಗಾರಾ ವಾಪಸು ಬರುತ್ತೆ ಅಂತ ಮಗಳಿಗೆ ಮಾತು ಕೊಟ್ಟಿದ್ದಳು.

"ಮತ್ತೆ ಹೇಳ್ತೀನಿ, ಇದರಲ್ಲಿ ನೊರೆ ಬರಲ್ಲ," ಅಂದಳು ಯಾಸ್ನಾ. "ನೊರೆ ಇಲ್ಲ ಅಂತ ಜಾಸ್ತಿ ಸುರೀಬೇಡ. ಹಿಂದಿನ ಮೂರೂ ಹಾಗೇ ತಾನೇ?"

"ಹಿಂದಿನವು ಬರ್ತಿದ್ವಲ್ಲ."

"ಏನು?"

"ನೊರೆ. ಬಿಯರ್ ಸುರಿದ ಹಾಗೆ ಉಕ್ಕುತ್ತೆ."

ಯಾಸ್ನಾ ಕನ್ನಡಕ ತೆಗೆದಳು. "ಸಾಧ್ಯವೇ ಇಲ್ಲ."

"ಭಾನುವಾರ ಸ್ನಾನ ಮಾಡಿಸೋದು ನಾನೇ ಅಲ್ವೇನೇ? ಕಣ್ಣಾರೆ ನೋಡ್ತೀನಿ."

"ಮಿಕ್ಕ ದಿನ?"

"ಅತ್ತೆ ಮಾಡಿಸ್ತಾರೆ."

ಬಾಟಲಿಯ ಮೇಲಿನ ಚೀಟಿಗೂ ಒಳಗಿರುವುದಕ್ಕೂ ಆ ಊರಿನಲ್ಲಿ ಸಂಬಂಧವೇ ಇರುವುದಿಲ್ಲ. ಸೋಡಾ ಬಾಟಲಿಯಲ್ಲಿ ಪ್ಲಮ್ ಹಣ್ಣಿನ ಸಾರಾಯಿ, ಐಸ್‌ಕ್ರೀಮ್ ಡಬ್ಬಿಯಲ್ಲಿ ಬೇಯಿಸಿದ ಕಾಳು, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ-ದಾರ. ತಿಯಾನಾ ಸೊಸೆಯಾಗಿ ಬಂದ ಮೊದಲ ವಾರ ನೀರೆಂದು ಅರ್ಧ ಲೋಟ ಸಾರಾಯಿ ಗಟಗಟ ಕುಡಿದಾಗ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲಿಂದ ಅಡುಗೆಮನೆಯಲ್ಲಿ ಏನನ್ನು ಮುಟ್ಟಿದರೂ ಮೊದಲು ಮೂಸಿ ನೋಡುತ್ತಿದ್ದಳು. ಔಷಧಿ ಅಂಗಡಿಯ ಬಾಟಲಿಯನ್ನು ಮೂಸಬೇಕೆಂದು ಮಾತ್ರ ಹೊಳೆದಿರಲಿಲ್ಲ. ಬೂಟಿನ ಅಂಟಿನ ಘಾಟು ಕುಡಿದು ಕುಡಿದು ಅವಳ ಮೂಗಿಗೆ ಬೇರೆ ವಾಸನೆ ಬೇಗ ಹತ್ತುತ್ತಲೂ ಇರಲಿಲ್ಲ.

ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ನೇರ ಬಚ್ಚಲಿಗೆ ಹೋದಳು. ಮೂರನೆಯ ಬಾಟಲಿ ಕಿಟಕಿಯ ಕಟ್ಟೆಯ ಮೇಲಿತ್ತು. ತಂದು ಎರಡು ತಿಂಗಳಾದರೂ ಕತ್ತಿನವರೆಗೂ ತುಂಬಿಕೊಂಡಿತ್ತು. ಮುಚ್ಚಳ ತಿರುಚಿ ಮೂಗಿಗೆ ಹಿಡಿದು ಉಸಿರೆಳೆದಳು. ಹಂದಿಯ ನೆಣ, ಅಟ್ಟದ ಧೂಳು. ಅವಳ ಹಾಸಿಗೆ ಬಟ್ಟೆಯ ವಾಸನೆ ಅದು, ಗಂಡನ ಅಂಗಿಗಳ ವಾಸನೆ.

ಅತ್ತೆ ದೆಸಾಂಕಾ ಅಡುಗೆಮನೆಯಲ್ಲಿ ಮೊಟ್ಟೆ ಹಾಕದ ಹಿಟ್ಟನ್ನು ಮೇಜಿನಗಲಕ್ಕೂ ತೆಳ್ಳಗೆ ಎಳೆಯುತ್ತಿದ್ದಳು, ಮೊಮ್ಮಗಳಿಗಾಗಿ.

"ಅತ್ತೆ, ಇದಕ್ಕೇನು ಹಾಕಿದ್ರಿ?"

"ಸೋಪು," ಅಂದಳು ದೆಸಾಂಕಾ, ತಲೆ ಕೂಡ ಎತ್ತದೆ. "ಇನ್ನೇನು ಇಲಿ ಪಾಷಾಣ ಹಾಕ್ತೀನಾ? ಬಾಗಿಲು ಹಾಕ್ಕೊಂಡು ಬಾ, ಗಾಳಿ ಬೀಸುತ್ತೆ, ಹಿಟ್ಟು ಒಣಗುತ್ತೆ."

"ಯಾವಾಗಿಂದ?"

"ಮೊದಲನೇ ಬಾಟ್ಲಿ ತಂದ್ಯಲ್ಲ, ಅವತ್ತಿಂದ. ಉಜ್ಜಿದೆ, ಉಜ್ಜಿದೆ, ಒಂದು ಗುಳ್ಳೆ ಏಳಲಿಲ್ಲ. ಬರೀ ಲೋಳೆ! ಪಾಪ, ಇಡೀ ದಿನ ನಿಂತು ದುಡೀತಾಳೆ, ಅವಳ ಕೈಗೆ ನೀರು ಕೊಟ್ಟು ಕಳಿಸಿದಾರಲ್ಲ ಅಂತ ಹೊಟ್ಟೆ ಉರೀತು. ನಿನಗೆ ಹೇಳಿದ್ರೆ ನೊಂದ್ಕೊಳ್ತೀಯ. ಅದಕ್ಕೇ ನನ್ನ ಸೋಪು ತುರಿದು, ಬಿಸಿನೀರಲ್ಲಿ ಕರಗಿಸಿ ಬೆರೆಸ್ದೆ. ಕಮ್ಮಿಯಾದಾಗೆಲ್ಲ ಮತ್ತೆ ತುಂಬಿಸ್ದೆ."

"ಮೂರಕ್ಕೂ?"

"ಮೂರಕ್ಕೂ. ನಾನೇ ಅಂಗಳದಲ್ಲಿ ಹಂದಿ ನೆಣ ಕಾಯಿಸಿ, ಮೂರು ವರ್ಷ ಅಟ್ಟದಲ್ಲಿ ಒಣಗಿಸಿದ ಸೋಪು ಕಣೆ ಅದು. ನಿನ್ನ ಗಂಡನ್ನ ಅದರಲ್ಲೇ ತೊಳೆದು ಬೆಳೆಸಿದ್ದು. ಅವನಿಗೇನಾಗಿದೆ? ಎತ್ತಿನ ಹಾಗಿದಾನೆ."

ಎತ್ತಿನ ಹಾಗಿದ್ದವನು ಆಸ್ಟ್ರಿಯಾದಲ್ಲಿ ಲಾರಿ ಓಡಿಸಿಕೊಂಡು, ಭಾನುವಾರ ಫೋನು ಮಾಡಿ "ಹೇಗಿದಾಳೆ?" ಅಂತ ಕೇಳಿ, ಉತ್ತರ ಕೇಳಲಾರದೆ ಬೇಗ ಇಟ್ಟುಬಿಡುತ್ತಿದ್ದ.

ದಾರಿಯುದ್ದಕ್ಕೂ ತಿಯಾನಾ ಕೂಗಾಡಲು ಮಾತು ಜೋಡಿಸಿಕೊಂಡು ಬಂದಿದ್ದಳು. ಕೂಗಾಡಬಹುದಿತ್ತು. ಅತ್ತೆ ಏಪ್ರನ್ ಬಿಚ್ಚಿ ತನ್ನ ಮಗಳ ಮನೆಗೆ ಹೊರಟುಬಿಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಕಾರ್ಖಾನೆಯ ಗಂಟೆ ಹೊಡೆದಾಗ ಲೆಂಕಾಳನ್ನು ಯಾರ ಕೈಗೆ ಕೊಡುವುದು? ಸಿಟ್ಟು ಮಾಡಿಕೊಳ್ಳುವುದಕ್ಕೂ ಅವಳಿಗೆ ಬಿಡುವಿರಲಿಲ್ಲ.

"ಮಗುಗೆ ಉರಿಯುತ್ತೆ ಅತ್ತೆ," ಅಂದಳು ಕೊನೆಗೆ. "ಅಷ್ಟು ಕಿರುಚ್ತಾಳೆ, ನಿಮಗೆ ಗೊತ್ತಾಗ್ಲಿಲ್ವಾ?"

"ಉರಿಯುತ್ತೆ. ಉರೀದೆ ಕೊಳೆ ಹೋಗುತ್ತಾ? ನನಗೂ ಉರಿಯುತ್ತೆ. ಹುಟ್ಟಿದಾಗಿಂದ ಉರಿಯುತ್ತೆ." ದೆಸಾಂಕಾ ಹಿಟ್ಟು ಮೆತ್ತಿದ ಎರಡೂ ಕೈ ಮುಂದೆ ಚಾಚಿದಳು. ಬೆರಳ ಗೆಣ್ಣುಗಳಲ್ಲಿ ಆಳವಾದ ಬಿರುಕುಗಳು, ಅವುಗಳೊಳಗೆಲ್ಲ ಬಿಳಿ ಹಿಟ್ಟು.

ಅಂಗಡಿಯಿಂದ ಹೊರಡುವಾಗ ಯಾಸ್ನಾ ಹೇಳಿ ಕಳಿಸಿದ್ದನ್ನೆಲ್ಲ ತಿಯಾನಾ ಹೇಳಿದಳು. ಕಾಸ್ಟಿಕ್ ಸೋಡಾ ಹಾಕಿ ಕುದಿಸಿದ ಸೋಪು ಒಣ ಚರ್ಮವನ್ನು ಇನ್ನಷ್ಟು ಒಣಗಿಸುತ್ತದಂತೆ, ಈ ಬಾಟಲಿಗಳಲ್ಲಿ ನೊರೆ ಇಲ್ಲದಿರುವುದು ಬೇಕೆಂದೇ ಅಂತೆ. ದೆಸಾಂಕಾ ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಕುಸಿದಳು. ಮೇಜಿನ ಮೇಲಿನ ಹಿಟ್ಟಿನ ಹಾಳೆ ಅಂಚಿನಿಂದ ಒಣಗಿ ಸುರುಟಿಕೊಳ್ಳತೊಡಗಿತು.

"ಅಂದ್ರೆ ನಾನೇ ಮಾಡಿದ್ನಾ?"

ತಿಯಾನಾ ಹೊರಗೆ ಹೋಗಿ ಗಂಡನ ಚಿಕ್ಕಪ್ಪನಿಗೆ ಫೋನು ಹಚ್ಚಿದಳು. ಬೆಕ್ಕನ್ನಾದರೂ ನಾಳೆಯೇ ತಂದುಬಿಡೋಣ ಅನ್ನಿಸಿತ್ತು.

"ಬೆಕ್ಕಾ?" ಅಂದರು ಚಿಕ್ಕಪ್ಪ. "ಅದು ಮೂರನೇ ದಿನವೇ ಪರಾರಿ ಆಯ್ತಲ್ಲಮ್ಮ. ನಿಮ್ಮನೆ ಕಡೆಗೇ ಬಂದಿರುತ್ತೆ ಅಂತ ನಾವು ಸುಮ್ಮನಿದ್ವಿ. ಬರಲಿಲ್ವಾ?"

ಮಧ್ಯಾಹ್ನ ದೆಸಾಂಕಾ ನೀರು ಕಾಯಿಸಿ, ಬಚ್ಚಲ ಕಿಟಕಿಯ ಸಂದಿಗೆ ಟವಲು ತುರುಕಿ, ಟಬ್ಬು ತುಂಬಿಸಿಟ್ಟಳು. ಹೊಸ ಬಾಟಲಿಯನ್ನು ಮಾತ್ರ ಮುಟ್ಟಲಿಲ್ಲ. "ನೀನೇ ತೆಗಿ. ನಾನು ಇನ್ಮೇಲೆ ಯಾವುದನ್ನೂ ಮುಟ್ಟಲ್ಲ," ಅಂದಳು. ಸೋಮವಾರ ಮುಟ್ಟಲೇಬೇಕಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಲೆಂಕಾ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತಳು. "ಉರಿಯುತ್ತೆ."

"ಇಲ್ಲ ಚಿನ್ನ. ಇದು ಉರಿಯಲ್ಲ."

"ಆವತ್ತೂ ಹಂಗೇ ಅಂದೆ."

ಅಂದದ್ದು ನಿಜ. ಪ್ರತಿ ಬಾಟಲಿಗೂ ಅಂದಿದ್ದಳು, ಅದೇ ದನಿಯಲ್ಲಿ, ಅದೇ ನಗು ಮುಖಕ್ಕೆ ಮೆತ್ತಿಕೊಂಡು. ಈಗ ಅಂದದ್ದು ನಿಜವೇ ಇರಬಹುದು. ಅದನ್ನು ಹೇಳುವುದಕ್ಕೆ ಅವಳ ಹತ್ತಿರ ಬೇರೆ ಮಾತು ಉಳಿದಿರಲಿಲ್ಲ.

"ನೋಡಿಲ್ಲಿ, ಅಜ್ಜಿ ಹಚ್ಕೊಳ್ತಾಳೆ," ಅಂದು ದೆಸಾಂಕಾ ಅಂಗಿಯ ತೋಳು ಮಡಚಿ ಕೈ ಒಡ್ಡಿದಳು. ತಿಯಾನಾ ಎರಡು ಹನಿ ಹಾಕಿದಳು. ಮುದುಕಿ ಬಿರುಕುಬಿಟ್ಟ ಗೆಣ್ಣುಗಳನ್ನು ನಿಧಾನವಾಗಿ ಉಜ್ಜಿ, ನೀರಿಗೆ ಅದ್ದಿ, ಉರಿ ಬರಲೆಂದು ಕಾಯುವವಳ ಹಾಗೆ ನಿಂತಳು. ಬಹಳ ಹೊತ್ತು ನಿಂತಳು.

"ಉರಿಯೋದೇ ಇಲ್ಲ ಕಣೆ," ಅಂದಳು, ದೂರು ಹೇಳುವವರಂತೆ.

"ಅಜ್ಜಿ ಸುಳ್ಳು ಹೇಳ್ತಾಳೆ," ಅಂದಳು ಲೆಂಕಾ. ಚೌಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಏನೋ ನೆನಪಾಗಿ, ಒಂದು ಕೈ ಮಾತ್ರ ಸಡಿಲಿಸಿದಳು. "ಇದ್ರಲ್ಲಿ ತೊಳ್ಕೊಂಡ್ರೆ ವಾಸಿಯಾಗುತ್ತಾ?"

"ಆಗುತ್ತೆ."

"ಆಗ ಗಾರಾ ಬರುತ್ತಾ?"

ದೆಸಾಂಕಾ ಸೊಸೆಯ ಮುಖ ನೋಡಿದಳು. ತಿಯಾನಾ ಟಬ್ಬಿನ ನೀರಿಗೆ ಬೆರಳಿಟ್ಟು ನೋಡಿದಳು. ಬೆಚ್ಚಗಿತ್ತು, ಸರಿಯಾಗೇ ಇತ್ತು. ನೀರು ತಣ್ಣಗಾಗುವುದಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಮಗು ಉತ್ತರಕ್ಕಾಗಿ ಕಾಯುತ್ತ ಚೌಕಟ್ಟಿನ ಹತ್ತಿರವೇ ನಿಂತಿತ್ತು.