ಮೈಲುತುತ್ತಿನ ನೀರು

ಒಂದರ ವಿಷವನ್ನು ಇನ್ನೊಂದು ನುಂಗುತ್ತದೆ ಎಂದು ತುಕಾರಾಮ ಹೇಳಿದ್ದು ಊಟಕ್ಕೆ ಕೂತಾಗ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡು.

ಬಿಜ್ಜರಗಿಯ ಕುರಿಗಾರರ ಓಣಿಯಲ್ಲಿ ಕಾಲೇಜು ಕಂಡವನು ಅವನೊಬ್ಬನೇ. ವಿಜಾಪುರದ ಹಾಸ್ಟೆಲ್ಲಿನಲ್ಲಿದ್ದು ಪಿ.ಯು.ಸಿ. ಓದುತ್ತಿದ್ದ. ರಜೆಗೆ ಬಂದಾಗ ಅಣ್ಣ ಮಲಕಾಜಪ್ಪ ಎದುರಿಗೆ ಕೂತು, ಹೊಸದೇನು ಕಲಿತೆ ಎಂದು ಕೇಳುವುದು ರೂಢಿ. ಆ ದಿನ ತುಕಾರಾಮ ತಾಟಿನಂಚಿನ ಉಪ್ಪನ್ನು ಚಿವುಟಿ ಎತ್ತಿ ತೋರಿಸಿದ.

"ಇದರಾಗ ಎರಡು ಮೂಲವಸ್ತು ಅದಾವಣ್ಣ. ಒಂದು ಸೋಡಿಯಂ ಅಂತ ಲೋಹ. ನೀರಾಗ ಒಗದರ ಹೊತ್ತಿ ಉರೀತೈತಿ. ಇನ್ನೊಂದು ಕ್ಲೋರೀನ್ ಅಂತ ಗಾಳಿ. ಯುದ್ಧದಾಗ ಬಿಟ್ಟು ಮಂದೀನ ಕೊಂದಾರ."

ಅತ್ತಿಗೆ ರಾಚವ್ವ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು. "ಹಂಗಾರ ಇಷ್ಟು ವರ್ಷ ನಾ ನಿಮಗ ಇಷಾ ನೀಡೇನೇನಪಾ?"

"ನಿನ್ನ ಸಾರು ಉಂಡಾಗೆಲ್ಲ ನನಗ ಅನುಮಾನ ಇತ್ತು," ಎಂದ ಮಲಕಾಜಪ್ಪ. ಆಮೇಲೆ ತಮ್ಮನ ಕಡೆ ತಿರುಗಿದ. "ಎರಡೂ ಇಷಾ ಅಂದಂಗಾತು. ಕೂಡಿದ ಮ್ಯಾಲ ಆ ಇಷಾ ಎಲ್ಲಿಗಿ ಹೋತು?"

ತುಕಾರಾಮನಿಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಸಂಯುಕ್ತ ಎಂಬ ಶಬ್ದವಿತ್ತು, ಅದನ್ನು ಬಾಯಿಪಾಠ ಮಾಡಿದ್ದ. ಸೋಡಿಯಂ ಎಂಬುದನ್ನು ಕಣ್ಣಿಂದ ಕಂಡಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನಲು ಅತ್ತಿಗೆಯ ಮುಂದೆ ನಾಚಿಕೆ. "ಒಂದರ ಇಷಾ ಇನ್ನೊಂದು ನುಂಗತೈತಿ," ಎಂದುಬಿಟ್ಟ.

ಮಲಕಾಜಪ್ಪ ಉಪ್ಪನ್ನು ಬಹಳ ಹೊತ್ತು ನೋಡಿದ.

ಮಳೆಗಾಲ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಾಸ್ತರರು ಕಬ್ಬಿಣದ ಪುಡಿ ಮತ್ತು ಗಂಧಕವನ್ನು ಕಲಸಿ ಕಾಗದದ ಮೇಲೆ ಸುರಿದರು. ಅಯಸ್ಕಾಂತ ಹಿಡಿದರೆ ಕಬ್ಬಿಣವೆಲ್ಲ ಎದ್ದು ಅಂಟಿಕೊಂಡಿತು. ಗಂಧಕ ಹಳದಿಯಾಗಿಯೇ ಉಳಿಯಿತು. ಅದೇ ಪುಡಿಯನ್ನು ಮತ್ತೆ ಕಲಸಿ, ಗಾಜಿನ ನಳಿಗೆಗೆ ಹಾಕಿ ಕಾಸಿದಾಗ ಒಳಗೆಲ್ಲ ಕೆಂಪಗೆ ಕಾದು, ಆರಿದ ಮೇಲೆ ಕರಿ ಹೆಂಟೆಯಾಯಿತು. ಅಯಸ್ಕಾಂತ ಅದನ್ನು ಎಳೆಯಲಿಲ್ಲ. ಕಲಸುವುದು ಮಿಶ್ರಣ, ಪರಮಾಣುಗಳು ಒಂದನ್ನೊಂದು ಹಿಡಿದು ಬೇರೆಯದೇ ವಸ್ತುವಾದರೆ ಸಂಯುಕ್ತ, ಎಂದರು ಮಾಸ್ತರರು. ತುಕಾರಾಮನಿಗೆ ಆ ಶಬ್ದ ಅವತ್ತು ಅರ್ಥವಾಯಿತು.

ಹಾಸ್ಟೆಲ್ಲಿಗೆ ಬಂದರೆ ಬಾಗಿಲಲ್ಲಿ ಫಕ್ರುದ್ದೀನ ನಿಂತಿದ್ದ. ಗೋಳಗುಮ್ಮಟದ ಕಡೆಯವನು, ಹಳ್ಳಿ ತಿರುಗಿ ಕುರಿಯ ತೊಗಲು ಕೊಳ್ಳುವವನು.

"ನಿಮ್ಮ ಹಟ್ಟ್ಯಾಗ ಕುರಿ ಬಿದ್ದಾವು. ನಿಮ್ಮಣ್ಣ ನಿನ್ನ ಕರಕೊಂಡ ಬಾ ಅಂದಾನ."

"ಎಷ್ಟು ಬಿದ್ದಾವು?"

"ಎದ್ದು ನಿಂತದ್ದು ಎಷ್ಟು ಅಂತ ಕೇಳು, ಹೇಳತೇನಿ."

ತಿಕೋಟಾದವರೆಗೆ ಬಸ್ಸು, ಅಲ್ಲಿಂದ ನಡಿಗೆ.

ಹಟ್ಟಿಯ ಮುಂದೆ ಓಣಿಯ ಮಂದಿ ನೆರೆದಿದ್ದರು. ಕುರಿಗಳು ಬಿದ್ದಲ್ಲೇ ಬಿದ್ದಿದ್ದವು, ಬಾಯಿಂದ ಹಸಿರು ನೊರೆ ಬಂದು ಒಣಗಿತ್ತು. ಒಂದು ಮರಿ ಸತ್ತ ತಾಯಿಯ ಕೆಚ್ಚಲಿಗೆ ಗುದ್ದುತ್ತಿತ್ತು. ಮಲಕಾಜಪ್ಪ ಗೋಡೆಗೆ ಒರಗಿ ಕೂತಿದ್ದ. ಕುರಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಇನ್ನೂ ಕೈಯಲ್ಲಿತ್ತು. ಪಕ್ಕದ ಗಡಿಗೆಯಲ್ಲಿ ಹಸಿರು ನೀರು.

"ಏನು ಕುಡಿಸಿದಿ ಅಣ್ಣಾ?"

"ಹೊಟ್ಟಿ ಜಂತಿಗೆ ಹಾಕೂದು. ಮೈಲುತುತ್ತ."

"ಅದನ್ನ ಪ್ರತಿ ವರ್ಷಾ ಹಾಕತಿ. ಚಿಟಿಕಿ ಹಾಕತಿ."

"ಈ ಸಲ ಬೊಗಸಿ ಹಾಕೀನಿ." ಮಲಕಾಜಪ್ಪ ಗಡಿಗೆಯ ಕಡೆ ತೋರಿಸಿದ. "ಚಿಟಿಕಿಗೆ ಜಂತು ಪೂರಾ ಸಾಯಂಗಿಲ್ಲ. ಹೆಚ್ಚು ಹಾಕಿದರ ಕುರಿ ಸಾಯತಾವು. ಅದಕ್ಕ ತಂಬಾಕ ಕುದಿಸಿದ ನೀರು ಕೂಡಿಸಿದೆ. ಹೇನಿಗೆ ಹಚ್ಚತೇವಲ್ಲ, ಅದು. ಅದೂ ಇಷಾ, ಇದೂ ಇಷಾ. ನೀನ ಹೇಳಿದ್ದಿ, ಒಂದರದು ಒಂದು ನುಂಗತೈತಿ ಅಂತ."

ಆಗ ತುಕಾರಾಮ ಅಣ್ಣನ ತುಟಿ ನೋಡಿದ. ಅಂಚಿನಲ್ಲಿ ಹಸಿರು ಕಲೆ. ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕುರಿಗೆ ಏನೇ ಕುಡಿಸಲಿ, ಮೊದಲ ಗುಟುಕು ಕುರಿ ಕಾಯುವವನ ಬಾಯಿಗೆ. ಅಪ್ಪ ಮಾಡುತ್ತಿದ್ದ, ಅಜ್ಜ ಮಾಡುತ್ತಿದ್ದ.

"ನೀನೂ ಕುಡದಿ?"

"ಕುಡದೆ. ವಾಂತಿ ಆತು. ಒಳಗ ಇಷಾ ಇಷಾ ಜಗಳಾ ಆಡಾಕತ್ತಾವು, ಮುಗೀತೈತಿ ಅಂತ ತಿಳಕೊಂಡೆ. ಮುಗಿದ ಮ್ಯಾಲ ಕುರಿಗಿ ಕುಡಿಸಿದೆ."

ಯಾರೋ ಹಿಂದಿನಿಂದ ನಕ್ಕು, ತಕ್ಷಣ ಸುಮ್ಮನಾದರು.

ತುಕಾರಾಮ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಬೆಳಿಗ್ಗೆ ಕಂಡದ್ದನ್ನೆಲ್ಲ ಹೇಳಿದ. ಕಬ್ಬಿಣ, ಗಂಧಕ, ಅಯಸ್ಕಾಂತ. "ಗಡಿಗ್ಯಾಗ ಕೂಡಿಸಿದರ ಕೂಡಿದಂಗ ಅಲ್ಲಣ್ಣ. ಅದರ ಇಷಾ ಅದರ ಕಡೆ, ಇದರ ಇಷಾ ಇದರ ಕಡೆ ಇರತೈತಿ. ಬೆಂಕಿ ಕೊಟ್ಟ ಮ್ಯಾಲ ಗಂಧಕ ಗಂಧಕ ಉಳಿಯಲಿಲ್ಲ, ಕಬ್ಬಿಣ ಕಬ್ಬಿಣ ಉಳಿಯಲಿಲ್ಲ."

"ಇದನ್ನ ಅವತ್ತ ಯಾಕ ಹೇಳಲಿಲ್ಲ?"

"ಅವತ್ತ ನನಗ ಗೊತ್ತಿರಲಿಲ್ಲ."

ಮಲಕಾಜಪ್ಪ ಬೈಯಲಿಲ್ಲ. ಏನೋ ಲೆಕ್ಕ ಹಾಕುವವನ ಹಾಗೆ ಒಲೆಯ ಕಡೆ ನೋಡಿದ. ತುಕಾರಾಮನೂ ನೋಡಿದ. ಅಂಗಳದಲ್ಲಿ ಮೂರು ಕಲ್ಲಿಟ್ಟು ರಾಚವ್ವ ದೊಡ್ಡ ಬೋಗುಣಿ ಏರಿಸಿದ್ದಳು. ಪಕ್ಕದ ಬುಟ್ಟಿಯಲ್ಲಿ ಮಾಂಸದ ಪಾಲುಗಳು. ಜೀವ ಹೋಗುವ ಮುಂಚೆ ಕೊಯ್ದ ಕುರಿಗಳವು. ನೆರೆದ ಮಂದಿ ಸಮಾಧಾನ ಹೇಳಲು ಬಂದವರಲ್ಲ, ಪಾಲಿಗೆ ಬಂದವರು ಎಂಬುದು ಅವನಿಗೆ ಈಗ ತಿಳಿಯಿತು.

"ಹಂಗಾರ ಬೆಂಕಿ ಕೊಟ್ಟರ ಇಷಾ ಹೋಗತೈತಿ," ಎಂದ ಮಲಕಾಜಪ್ಪ. "ಕುದೀಲಿ. ಮಾಂಸಾನರ ಉಳೀತು."

"ಬ್ಯಾಡ."

"ಯಾಕ ಬ್ಯಾಡ? ಬೆಂಕಿ ಕೊಟ್ಟ ಮ್ಯಾಲ ಬ್ಯಾರೆ ಆತು ಅಂತ ಈಗ ಅಂದಿ."

ಮಂದಿಯೆಲ್ಲ ಅವನ ಬಾಯಿ ನೋಡುತ್ತಿದ್ದರು. ಮೈಲುತುತ್ತಿನೊಳಗಿನ ತಾಮ್ರ ಬೆಂಕಿಗೆ ಏನಾಗುತ್ತದೆ, ತಂಬಾಕಿನ ವಿಷ ಏನಾಗುತ್ತದೆ, ಕುರಿಯ ಪಿತ್ತಜನಕಾಂಗದೊಳಗೆ ಎಷ್ಟು ಉಳಿದಿದೆ, ಒಂದೂ ಅವನಿಗೆ ಗೊತ್ತಿರಲಿಲ್ಲ. ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು, ಉಪ್ಪಿನ ದಿನ ಬಂದಷ್ಟೇ ಸಲೀಸಾಗಿ.

"ಗೊತ್ತಿಲ್ಲ," ಎಂದ.

"ಗೊತ್ತಿಲ್ಲಂದರ ಉಣ್ಣಾಕೇನು?" ಎಂದ ಓಣಿಯ ಬಸಲಿಂಗಯ್ಯ. "ಕಾಲೇಜಿನಾಂವಂತ."

ತುಕಾರಾಮ ಎದ್ದು ಹೋಗಿ ಬೋಗುಣಿಯನ್ನು ಕಾಲಿಂದ ಒದ್ದ. ಬಿಸಿನೀರು ಒಲೆಗೆ ಬಿದ್ದು ಹೊಗೆ ಎದ್ದಿತು. ರಾಚವ್ವ ಹಿಂದೆ ಸರಿದಳು. ಅವನು ಒಳಗಿಂದ ಚಿಮಣಿ ಎಣ್ಣೆಯ ಡಬ್ಬಿ ತಂದು ಬುಟ್ಟಿಯ ಮೇಲೆ, ಬಿದ್ದ ಕುರಿಗಳ ಮೇಲೆ, ಡಬ್ಬಿ ಬರಿದಾಗುವವರೆಗೂ ಸುರಿದ. ಬಸಲಿಂಗಯ್ಯ ಅವನ ಅಂಗಿ ಹಿಡಿದು ಜಗ್ಗಿದ, ಗುಂಡಿ ಕಿತ್ತು ಬಿತ್ತು. ಮಾಂಸಕ್ಕೆ ಎಣ್ಣೆಯ ವಾಸನೆ ಹತ್ತಿದ ಮೇಲೆ ಮಂದಿ ಒಬ್ಬೊಬ್ಬರಾಗಿ ಬೈಯುತ್ತ ಮನೆಗೆ ಹೋದರು. ಫಕ್ರುದ್ದೀನ ತೊಗಲಿನ ಮಾತೆತ್ತದೆ ಕುಣಿ ತೋಡಲು ಗುದ್ದಲಿ ಹುಡುಕಿ ತಂದ.

ಮಲಕಾಜಪ್ಪ ಕೂತಲ್ಲಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಗೊಟ್ಟವನ್ನು ಗಡಿಗೆಯೊಳಗೆ ಬಿಟ್ಟು, ಹತ್ತಿರದ ಟಗರಿನ ಮುಂಗಾಲುಗಳನ್ನು ಹಿಡಿದ.

"ಹಿಂಗಾಲು ಹಿಡಿ," ಎಂದ ತಮ್ಮನಿಗೆ.