ಚೌಡಮ್ಮನ ಅಳಿಯ ಬಂದದ್ದು

ದಾಸನಕೊಪ್ಪದ ಗುರುಶಾಂತವ್ವ ತಪ್ಪು ಮಾಡುವುದು ಅಪರೂಪ. ಮಾಡಿದಳೋ, ಊರಿಗೆಲ್ಲ ಗೊತ್ತಾಗುವ ಹಾಗೆ ಮಾಡುತ್ತಾಳೆ. ಈ ಸಲದ ದೀಪಾವಳಿಗೆ ಎರಡು ದಿನ ಇದೆ ಎನ್ನುವಾಗ ಮಾಡಿದ್ದು ಅಂಥದ್ದೇ.

ಸಮುದ್ರದಲ್ಲಿ ಎದ್ದ ಚಂಡಮಾರುತ ಕರಾವಳಿ ದಾಟುವುದರೊಳಗೆ ತಣ್ಣಗಾಗುತ್ತದೆ ಅಂತ ಟೀವಿಯವರು ಹೇಳಿದ್ದರು. ಅದು ಯಾರ ಮಾತನ್ನೂ ಕೇಳದೆ ಘಟ್ಟ ಹತ್ತಿ ಬಂತು. ಊರಾಚೆ ದಿಬ್ಬದ ಮೇಲಿದ್ದ ಏಳು ಮನೆಗಳ ಹೆಂಚು ಕಿತ್ತು ಗದ್ದೆಗೆ ಎಸೆದು ಹೋಯಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಏಳು ಮನೆಯವರೂ ಮಕ್ಕಳು ಮರಿ ಕಟ್ಟಿಕೊಂಡು ಶಾಲೆ ಸೇರಿದರು.

ಗುರುಶಾಂತವ್ವ ಮಹಿಳಾ ಸಂಘದ ಅಧ್ಯಕ್ಷೆ. ಸುಮ್ಮನೆ ಕೂರುವ ಜೀವವೇ ಅಲ್ಲ. ಮನೆಮನೆ ಹೊಕ್ಕು ಅಕ್ಕಿ, ಬೇಳೆ, ಬೆಲ್ಲ, ಕಂಬಳಿ ಎತ್ತಿಸಿದಳು. "ಹಬ್ಬಕ್ಕಂತ ತಂದಿಟ್ಟಿದ್ದು..." ಎಂದು ರಾಗ ಎಳೆದವರಿಗೆ, "ಹಬ್ಬ ನಿಮಗೊಬ್ಬರಿಗಷ್ಟ ಬಂದೇತೇನು?" ಎಂದು ಕೇಳಿದಳು. ಕೊಡದೆ ಇರುವ ಧೈರ್ಯ ಯಾರಿಗಿದೆ? ಶಾಲೆಯಲ್ಲಿ ಎರಡು ಹೊತ್ತು ಒಲೆ ಉರಿಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಕತೆಯೇ ಇರುತ್ತಿರಲಿಲ್ಲ.

ಆ ಏಳು ಮನೆಗಳಲ್ಲಿ ಚೌಡಮ್ಮನದೂ ಒಂದು. ಗಂಡನಿಲ್ಲದ ಹೆಂಗಸು. ಒಬ್ಬಳೇ ಮಗಳು ತನುಜಾಳನ್ನು ಬೇಸಿಗೆಯಲ್ಲಿ ಯಲ್ಲಾಪುರದ ಹತ್ತಿರದ ನಂದೊಳ್ಳಿಗೆ ಕೊಟ್ಟಿದ್ದಳು. ಮದುವೆಯಾದ ಮೊದಲ ದೀಪಾವಳಿ. ಮಗಳು ಅಳಿಯ ಬರಬೇಕು, ಹೊಸ್ತಿಲಲ್ಲಿ ಆರತಿ ಎತ್ತಬೇಕು, ಬೆಳಗಿನ ಜಾವ ಅಳಿಯನನ್ನು ಮಣೆ ಮೇಲೆ ಕೂರಿಸಿ ಎಣ್ಣೆ ಹಚ್ಚಿ ನೀರು ಹಾಕಬೇಕು. ಇದಕ್ಕಾಗಿ ಆರು ತಿಂಗಳಿಂದ ಕಾದವಳು, ಈಗ ಶಾಲೆಯ ಜಗಲಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

ಗುರುಶಾಂತವ್ವನಿಗೆ ಅವಳ ಸಂಕಟ ನೋಡಲಾಗಲಿಲ್ಲ. ಯಾರನ್ನೂ ಕೇಳಲಿಲ್ಲ, ಹೇಳಲಿಲ್ಲ. ನಂದೊಳ್ಳಿಯ ಬೀಗರಿಗೆ ತಾನೇ ಫೋನು ಹಚ್ಚಿ, "ಮನಿ ಬಿದ್ದೇತ್ರಿ. ಈ ಹಬ್ಬಕ್ಕ ಬರೂದು ಬ್ಯಾಡ್ರಿ, ಮುಂದ ಯಾವಾಗರ ಬರ್ರಿ" ಎಂದುಬಿಟ್ಟಳು. ಆ ಕಡೆಯಿಂದ ತನುಜಾಳ ಅತ್ತೆ, "ಹಂಗಾ? ಬ್ಯಾಡ ಅಂದ ಮೇಲೆ ನಾವ್ಯಾಕೆ ಬರನ?" ಎಂದು ಫೋನು ಇಟ್ಟರು.

ದೊಡ್ಡ ಭಾರ ಇಳಿಸಿದ ಖುಷಿಯಲ್ಲಿ ಗುರುಶಾಂತವ್ವ ಬಂದು ಹೇಳಿದರೆ, ಚೌಡಮ್ಮ ಧಡಕ್ಕನೆ ಎದ್ದು ನಿಂತಳು.

"ಎಂತ ಮಾಡಿದ್ರಿ ಅಮ್ಮಾ! ಮೊದಲ್ನೇ ಹಬ್ಬಕ್ಕೆ ಅಳಿಯನ್ನ ಬರಬ್ಯಾಡ ಅಂದ್ರಾ? ಮನೆ ಹೋಗಿದ್ದು ಗಾಳಿಗೆ. ಮರ್ಯಾದೆ ಹೋಗಿದ್ದು ನಿಮ್ಮಿಂದ!"

ಗುರುಶಾಂತವ್ವನ ಎದುರು ಹೀಗೆ ಮಾತಾಡಿದವರನ್ನು ಜಗಲಿಯಲ್ಲಿದ್ದವರು ಕಂಡಿರಲಿಲ್ಲ. ಅವಳ ಮುಖ ಕೆಂಪಾಯಿತು. ಉತ್ತರ ನಾಲಿಗೆ ತುದಿಗೂ ಬಂದಿತ್ತು. ನುಂಗಿಕೊಂಡಳು. ಚೌಡಮ್ಮ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ತಪ್ಪಾತವಾ," ಎಂದಳು. "ನಾಳೆ ಸಂಜಿಯೊಳಗ ನಿನ್ನ ಮನಿ ಮ್ಯಾಲ ಹೆಂಚು ಕೂಡಸ್ತೀನಿ. ಅಳಿಯನ್ನೂ ಕರಸ್ತೀನಿ."

"ಬ್ಯಾಡ. ಅಕ್ಕಿ ಇಸ್ಕಂಡಿದ್ದು ಹೊಟ್ಟೆಗೆ, ಅದ್ರಾಗೆ ನಾಚಿಕೆ ಇಲ್ಲ. ಅಳಿಯನ್ನ ಕೂರ್ಸೋ ಮನೆ ಧರ್ಮಕ್ಕೆ ಬಂದಿದ್ದು ಅಂತ ಬೀಗರು ಆಡ್ಕಂಬಾದು ಬ್ಯಾಡ."

"ಧರ್ಮಕ್ಕ ಅಂತ ಯಾರಂದ್ರು? ಮುಯ್ಯಾಳು! ನಾಳೆ ನಾವು ನಿನ್ನ ಮನಿಗಿ, ಸುಗ್ಗಿಗೆ ನೀವು ನಮ್ಮ ಗದ್ದಿಗೆ. ಒಂದ್ ಆಳಿಗೆ ಒಂದ್ ಆಳು. ಆತಿಲ್ಲೋ?"

ಮುಯ್ಯಾಳು ಎಂದರೆ ಈ ಸೀಮೆಯಲ್ಲಿ ಬೇರೆ ಮಾತಿಲ್ಲ. ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು. ಅದರಲ್ಲಿ ಕೊಡುವವನೂ ಇಲ್ಲ, ಬೇಡುವವನೂ ಇಲ್ಲ. ಚೌಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಹಂಗಾದ್ರೆ ಆತು" ಎಂದಳು. ಉಳಿದ ಆರು ಮನೆಯವರು, "ಮೊದ್ಲು ಚೌಡಮ್ಮಂದೇ ಆಗ್ಲಿ, ನಮ್ಮದು ಹಬ್ಬ ಕಳದ ಮ್ಯಾಲೆ" ಎಂದು ತಾವಾಗಿಯೇ ಹೇಳಿದರು.

ನಂದೊಳ್ಳಿಯ ಬೀಗಿತಿ ಮಾತ್ರ ಫೋನು ಎತ್ತಲಿಲ್ಲ. ಮೂರು ಸಲ ಹಚ್ಚಿ ಸೋತು, ಗುರುಶಾಂತವ್ವ ಅಳಿಯ ಉಲ್ಲಾಸನಿಗೇ ಹಚ್ಚಿದಳು. ತಪ್ಪು ತನ್ನದು, ಚೌಡಮ್ಮನಿಗೆ ಏನೂ ತಿಳಿದಿರಲಿಲ್ಲ, ನಾಳೆ ಮುಯ್ಯಾಳಿನ ಮೇಲೆ ಹೆಂಚು ಹೊದಿಸುತ್ತೇವೆ, ದಯಮಾಡಿ ಬರಬೇಕು, ಎಲ್ಲ ಹೇಳಿದಳು. ಹುಡುಗ ಕೇಳಿಸಿಕೊಂಡು "ಆಯ್ತು" ಎಂದ. ಬರುತ್ತೇನೆ ಅಂತಲೋ, ಸಾಕು ಮಾಡಿ ಅಂತಲೋ, ಅದೂ ತಿಳಿಯಲಿಲ್ಲ.

ಮರುದಿನ ಹೊತ್ತು ಮೂಡುವಾಗಲೇ ದಿಬ್ಬದ ಮೇಲೆ ಮೂವತ್ತು ಜನ. ತನ್ನ ದನದ ಕೊಟ್ಟಿಗೆಗೆಂದು ತರಿಸಿಟ್ಟಿದ್ದ ಹೆಂಚನ್ನು ಊರಿನ ಶಿವಲಿಂಗಪ್ಪ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ಹೆಂಗಸರು ಗದ್ದೆಗಿಳಿದು ಒಡೆಯದ ಹೆಂಚು ಆರಿಸಿದರು. ಬಡಗಿ ಶಂಕ್ರಪ್ಪ ಮಾಡಿನ ಮುರಿದ ಪಕಾಸಿ ತೊಲೆ ಬದಲಿಸಿ, ಹೆಂಚು ಕೂರುವ ರೀಪು ಪಟ್ಟಿ ಹೊಡೆಯುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಆದರೆ ಮಾಡಿನ ಮೇಲೆ ಓಡಾಡಿ ಹೆಂಚು ಕೂಡಿಸಬಲ್ಲವರು ಇಬ್ಬರೇ. ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಚೌಡಮ್ಮ ಕೈಯಲ್ಲಿ ಹೆಂಚು ಹಿಡಿದೇ ನಂದೊಳ್ಳಿಯವರು ಬರಬೇಕಾದ ಶಿರಸಿಯ ದಾರಿ ನೋಡುತ್ತಿದ್ದಳು.

ಮೂರು ಗಂಟೆಯ ಹೊತ್ತಿಗೆ ಒಂದು ಗೂಡ್ಸ್ ಗಾಡಿ ಬಂದು ನಿಂತಿತು. ಉಲ್ಲಾಸ ಇಳಿದ. ಹಿಂದಿನಿಂದ ನಾಲ್ಕು ಜನ ಗಟ್ಟಿ ಆಳುಗಳು. ಮುಂದಿನ ಸೀಟಿನಿಂದ ತನುಜಾ, ಅವಳ ಹಿಂದೆ ಅತ್ತೆ. ಚೌಡಮ್ಮ ಹೆಂಚು ಕೆಳಗಿಟ್ಟು ಓಡಿದಳು. ಅವಳು ಬಾಯಿ ತೆರೆಯುವುದರೊಳಗೆ ಉಲ್ಲಾಸ ಚಪ್ಪಲಿ ಬಿಟ್ಟು, ಲುಂಗಿ ಎತ್ತಿ ಕಟ್ಟಿ, ಏಣಿ ಹತ್ತಿಯೇಬಿಟ್ಟ.

ಗುರುಶಾಂತವ್ವ ಹೌಹಾರಿದಳು. "ಏ ತಮ್ಮಾ! ಮೊದಲ ಹಬ್ಬಕ್ಕ ಬಂದ ಅಳಿಯ ಅತ್ತಿ ಮನಿ ಮಾಡು ಹತ್ತೂದಂದ್ರ ಏನು? ಇಳಿ, ಇಳಿ! ನಾಕು ಮಂದಿ ನೋಡಿದ್ರ ಏನಂದಾರು!"

ಮೇಲಿನಿಂದ ಹುಡುಗ ನಕ್ಕ. "ಹಬ್ಬ ನಾಳೆ ಅಲ್ವಾ ಅಮ್ಮಾ? ನಾಳೆ ಅಳಿಯ. ಇವತ್ತು ಮುಯ್ಯಾಳು. ಹೆಂಚು ಕೊಡಿ!"

ಕೆಳಗೆ ಎದ್ದ ನಗೆ, ಶಿಳ್ಳೆ ಹೇಳತೀರದು. ಹೆಂಚು ಕೈಯಿಂದ ಕೈಗೆ ಓಡಿತು. ಬೀಗಿತಿ ಕೂಡ ಸೆರಗು ಸಿಗಿಸಿಕೊಂಡು ಸಾಲಿಗೆ ಬಂದು, ಸರಿಯಾಗಿ ಗುರುಶಾಂತವ್ವನ ಪಕ್ಕದಲ್ಲೇ ನಿಂತರು. "ಫೋನು ಮಾಡಿ ಬರಬ್ಯಾಡಿ ಅಂದೋರು ನೀವೇ ಅಲ್ದಾ? ಬಂದೀವಿ ನೋಡಿ." ಗುರುಶಾಂತವ್ವ ಹಲ್ಲು ಬಿಟ್ಟು ನಕ್ಕು, ಹೆಂಚು ದಾಟಿಸಿದಳು.

ಮೊದಲ ಹನಿ ಬೀಳುವಾಗ ಕೊನೆಯ ಹೆಂಚು ಕೂತಿತ್ತು. ಮಳೆ ಹೊಯ್ಯಿತು. ಒಳಗೆ ಒಂದು ತೊಟ್ಟೂ ಸೋರಲಿಲ್ಲ.

ಕೈಕಾಲು ತೊಳೆದು, ಅಂಗಿ ಬದಲಿಸಿ, ಉಲ್ಲಾಸ ತನುಜಾಳ ಜೊತೆ ಹೊಸ್ತಿಲಾಚೆ ಬಂದು ನಿಂತ, ಆಗಷ್ಟೇ ಬಂದವನ ಹಾಗೆ. ಚೌಡಮ್ಮ ಆರತಿ ಎತ್ತಿದಳು.

"ನಿಮ್ಮ ಊರಿನವರ ಋಣ ಹೆಂಗೆ ತೀರಿಸ್ಲಪ್ಪಾ?" ಎಂದಳು ಮೆಲ್ಲಗೆ.

"ಋಣ ಎಂತದು ಅತ್ತೆ? ಐದು ಆಳು ಬಂದೀವಿ, ಐದು ಆಳು ಬಾಕಿ. ಗದ್ದೆ ಕೊಯ್ಲಿಗೆ ನಂದೊಳ್ಳಿಗೆ ಬಂದು ತೀರ್ಸಿ. ತಪ್ಪಿಸಂಗಿಲ್ಲ."

ಚೌಡಮ್ಮ ತಲೆ ಎತ್ತಿದಳು. ಗಾಳಿ ಬೀಸಿದ ದಿನದಿಂದ ಬಾಗಿದ್ದ ಆ ಕತ್ತು ನೆಟ್ಟಗಾದದ್ದನ್ನು ಗುರುಶಾಂತವ್ವ ಕಣ್ಣಾರೆ ನೋಡಿದಳು. ಹೆಮ್ಮೆಯಿಂದ ಅವಳ ಕಣ್ಣು ತುಂಬಿ ಬಂತು.

"ಐದಲ್ಲ," ಎಂದಳು ಚೌಡಮ್ಮ, ಬೀಗಿತಿಗೂ ಅಂಗಳದಲ್ಲಿದ್ದ ಅಷ್ಟೂ ಮಂದಿಗೂ ಕೇಳುವ ಹಾಗೆ. "ಏಳು ಮನೆಯೋರೂ ಬತ್ತೀವಿ. ಕುಡುಗೋಲು ನಮ್ಮವೇ ತತ್ತೀವಿ."