ಚೌಡಮ್ಮನ ಕೈ

ಭದ್ರಾವತಿಯ ನ್ಯೂ ಟೌನ್‌ನಲ್ಲಿರುವ ಸತ್ಯಭಾಮಾ ಅವರ ಮನೆಯ ಬಚ್ಚಲಿಗೆ ಇರುವುದು ಒಂದೇ ಕಿಂಡಿ. ಮಗಳು ದೀಪಶ್ರೀ ಬಾಣಂತನಕ್ಕೆ ಬಂದ ಮೇಲೆ ಹಂಡೆಯ ಹಬೆ, ಸಾಂಬ್ರಾಣಿ ಹೊಗೆ ಎರಡೂ ಒಳಗೇ ನಿಂತು ಅವಳಿಗೆ ಕೆಮ್ಮು ಶುರುವಾಯಿತು. ಅಳಿಯ ಸುಘೋಷ ಶಿವಮೊಗ್ಗದ ಗಾಂಧಿ ಬಜಾರ್‌ನಿಂದ ಒಂದು ಎಕ್ಸಾಸ್ಟ್ ಫ್ಯಾನ್ ತಂದುಕೊಟ್ಟ. ಅದೇ ಬೀದಿಯ ಎಲೆಕ್ಟ್ರಿಷಿಯನ್ ವೀರೇಂದ್ರ ಅದನ್ನು ನೀರು ಸಿಡಿಯದಷ್ಟು ಎತ್ತರಕ್ಕೆ, ಕಿಂಡಿಯಲ್ಲಿ ಕೂರಿಸಿದ. ಒದ್ದೆ ಕೈ ತಾಗದಿರಲೆಂದು ಸ್ವಿಚ್ಚನ್ನು ಬಾಗಿಲ ಹೊರಗೆ ಕೊಟ್ಟ. ಫ್ಯಾನಿನ ಕಬ್ಬಿಣದ ಮೈಯಿಂದ ಹಸಿರು ಅರ್ತಿಂಗ್ ವೈರನ್ನು ಎಳೆದು ನಲ್ಲಿಯ ಪೈಪಿಗೆ ಬಿಗಿದ. ಆ ಸಾಲಿನ ಹಳೆಯ ಮನೆಗಳಲ್ಲೆಲ್ಲ ಅರ್ತಿಂಗ್ ಕೊಡುವುದೇ ಹಾಗೆ. ಪೈಪು ನೆಲದೊಳಗೆ ಬೀದಿಯವರೆಗೂ ಹೋಗುವುದರಿಂದ, ಎಲ್ಲಾದರೂ ಕರೆಂಟು ಸೋರಿದರೆ ಅದು ಮಣ್ಣಿಗೆ ಇಳಿದುಹೋಗುತ್ತದೆ ಎಂಬ ನಂಬಿಕೆ. ವೀರೇಂದ್ರನ ತಂದೆಯೂ ಹಾಗೆಯೇ ಕೊಡುತ್ತಿದ್ದ.

ಕೆಮ್ಮು ನಿಂತಿತು.

ಬಾಣಂತಿಗೂ ಕೂಸಿಗೂ ನೀರು ಹಾಕಲು ಬರುತ್ತಿದ್ದವಳು ಚೌಡಮ್ಮ. ಆ ಕಡೆಯ ಅರ್ಧ ಊರಿನ ಮಕ್ಕಳು ಅವಳ ಕಾಲ ಮೇಲೆ ಮಲಗಿ ಮಿಂದವರು. ದೀಪಶ್ರೀಯೂ ಅವರಲ್ಲಿ ಒಬ್ಬಳು. ಚೌಡಮ್ಮ ಒದ್ದೆ ನೆಲದ ಮೇಲೆ ಕಾಲು ನೀಡಿ ಕೂರುವಳು. ಕೂಸನ್ನು ಕಾಲಿನ ಮೇಲೆ ಬೋರಲು ಮಲಗಿಸಿ, ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನಲ್ಲಿ ತಿರುಗಿಸಿ ಬಿಸಿನೀರಿಗೆ ತಣ್ಣೀರು ಬೆರೆಸಿಕೊಳ್ಳುವಳು. ನೀರಿನ ಹದವನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೂಸನ್ನು ಒರೆಸಿಕೊಟ್ಟು ಅವಳು ಬಾಗಿಲಲ್ಲೇ ನಿಂತಳು.

"ನಾಳೆಯಿಂದ ಬರಕ್ಕಾಗಲ್ಲ, ಅಮ್ಮ. ಬೇರೆಯೋರ್ನ ನೋಡ್ಕಳಿ."

"ಯಾಕೆ ಮಾರಾಯ್ತಿ, ನಮ್ಮಿಂದ ಏನಾದ್ರೂ ಬೇಜಾರಾಯ್ತಾ?"

"ನಿಮ್ಮಿಂದ ಏನಿಲ್ಲ." ಚೌಡಮ್ಮ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. "ಕೈ ಹೋಯ್ತು. ಕೂಸು ಕಾಲ್ಮೇಲೆ ಇರ್ವಾಗ್ಲೇ ಜುಂ ಅಂತೈತೆ, ಮೊಣಕೈವರ್ಗೂ. ಇವತ್ತು ಚೊಂಬು ಜಾರ್ತು. ನಾಳೆ ಕೂಸು ಜಾರಿದ್ರೆ?"

"ಡಾಕ್ಟರಿಗೆ ತೋರ್ಸೋಣ. ನಾನೇ ಕರ್ಕೊಂಡು ಹೋಗ್ತೀನಿ."

"ತೋರ್ಸಿದ್ರೆ ವಯಸ್ಸಾಯ್ತು ಅಂತಾರೆ. ಅದು ನಂಗೇ ಗೊತ್ತೈತೆ. ಮುಂದಿನ ತಿಂಗ್ಳು ದಿವ್ಯಶ್ರೀ ಮನೆ ಬಾಣಂತನಕ್ಕೆ ಒಪ್ಕಂಡಿದ್ದೆ. ಅವ್ರಿಗೂ ನಿನ್ನೆ ಬೇಡ ಅಂದ್ಬಿಟ್ಟೆ."

ಸತ್ಯಭಾಮಾ ಒತ್ತಾಯಿಸಲಿಲ್ಲ. ಕೈ ಜುಂ ಎನ್ನುತ್ತದೆ ಎಂಬ ಮಾತು ಒಮ್ಮೆ ಹೊರಬಿದ್ದರೆ ಯಾರೂ ಚೌಡಮ್ಮನಿಗೆ ಕೂಸನ್ನು ಕೊಡುವುದಿಲ್ಲ. ಅದನ್ನು ಬಲ್ಲವಳೇ ತಾನಾಗಿ ಹೇಳಿದ್ದಳು. ಅವರು ಒಳಗೆ ಹೋಗಿ ಕಾಫಿ ಮಾಡಿದರು. ಬಲಗೈ ಬೇಕಾಗದಂತೆ ಲೋಟವನ್ನು ಅವಳ ಎಡಗಡೆಗೆ ಇಟ್ಟರು.

"ಹಂಗಾದ್ರೆ ನಂಗಾದ್ರೂ ಕಲಿಸ್ಕೊಟ್ಟು ಹೋಗು," ಎಂದರು.

"ನೀವಾ?" ಚೌಡಮ್ಮ ಆ ದಿನ ಮೊದಲ ಸಲ ನಕ್ಕಳು. "ಕೂತ್ರೆ ಏಳಕ್ಕೆ ಇಬ್ರು ಬೇಕು ನಿಮ್ಗೆ."

"ಇಬ್ರು ಇದ್ದೀರಲ್ಲ."

ದೀಪಶ್ರೀ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹೊರಗೆ ಕುರ್ಚಿ ಹಾಕಿ ಕೂತಳು. ಕೂಸಿನ ಬದಲಿಗೆ ಒಂದು ದಪ್ಪ ಟವೆಲ್ಲನ್ನು ಸುತ್ತಿ ಕೊಟ್ಟಳು. ಹಂಡೆ ಇನ್ನೂ ಹಬೆಯಾಡುತ್ತಿತ್ತು, ಫ್ಯಾನು ತಿರುಗುತ್ತಿತ್ತು.

"ಚಪ್ಲಿ ಬಿಚ್ಚಿ. ಬಚ್ಚಲ ಚಪ್ಲಿ ಹಾಕ್ಕಂಡು ಕೂಸಿಗೆ ನೀರು ಹಾಕ್ತಾರಾ ಯಾರಾದ್ರೂ? ಕಾಲು ನೀಡಿ. ಇನ್ನೂ ಅಗಲ್ಸಬ್ಯಾಡಿ, ಜೋಡ್ಸಿ."

ಸತ್ಯಭಾಮಾ ಒದ್ದೆ ನೆಲದಲ್ಲಿ ಕೂತು ಟವೆಲ್ಲನ್ನು ಬೋರಲು ಮಲಗಿಸಿಕೊಂಡರು.

"ಕತ್ತು ಎಲ್ಲೈತೆ ನಿಮ್ ಟವೆಲ್ಗೆ?"

"ಅಮ್ಮಾ, ಅದ್ಕೆ ಉಸಿರು ಕಟ್ತಿದೆ," ಎಂದಳು ದೀಪಶ್ರೀ.

"ಸುಮ್ನಿರೇ. ಈಗೇನು, ತಣ್ಣೀರು ಬಿಡ್ಲಾ?" ಎನ್ನುತ್ತ ಸತ್ಯಭಾಮಾ ನಲ್ಲಿಗೆ ಕೈ ಹಾಕಿದರು.

ಕೈ ತಾನಾಗಿ ಹಿಂದಕ್ಕೆ ಬಂತು. ಟವೆಲ್ಲು ನೀರಿಗೆ ಬಿತ್ತು. ಬೆರಳಿನಿಂದ ಮೊಣಕೈವರೆಗೆ ಇರುವೆಗಳು ಓಡಿದಂತಾಗಿತ್ತು.

ಚೌಡಮ್ಮ ಬಗ್ಗಿ ಅವರ ಮುಖ ನೋಡಿದಳು. "ನಿಮ್ಗೂ ಆಯ್ತಾ?"

"ಆಯ್ತು."

"ಮೊಣಕೈವರ್ಗಾ?"

"ಹೂಂ. ದೀಪಾ, ಹೊರಗಿಂದ ಫ್ಯಾನ್ ಆಫ್ ಮಾಡು. ಮೇನ್ ಸ್ವಿಚ್ಚೂ ಆಫ್ ಮಾಡ್ಬಿಡು."

"ಹಂಗಾದ್ರೆ ನನ್ ಕೈಯಲ್ಲ ಅಂದಂಗಾಯ್ತು," ಎಂದಳು ಚೌಡಮ್ಮ. ಮನೆಯೊಡತಿಗೆ ಶಾಕ್ ಹೊಡೆದಿರುವಾಗ ತಾನು ನಗುತ್ತಿದ್ದೇನೆಂಬುದು ಹೊಳೆದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸತ್ಯಭಾಮಾ ಅವರನ್ನು ಎಬ್ಬಿಸಲು ಅವಳು ಬಲಗೈಯನ್ನೇ ಚಾಚಿದಳು.

ವೀರೇಂದ್ರ ಬಂದು ನಲ್ಲಿಯ ಪೈಪು ಹಿಡಿದುಕೊಂಡೇ ಗೋಡೆಯ ಆಚೆಗೆ ಹೋದ. ಗೋಡೆ ದಾಟಿದ ಮೇಲೆ ಕಬ್ಬಿಣವಿರಲಿಲ್ಲ.

"ಅಂಗಳದಲ್ಲಿ ಪ್ಲಾಸ್ಟಿಕ್ ಪೈಪ್ ಯಾವಾಗ ಹಾಕ್ಸಿದ್ರಿ, ಅಮ್ಮ?"

"ಕಳೆದ ಬೇಸಿಗೆಲಿ. ಹಳೇದು ತುಕ್ಕು ಹಿಡಿದಿತ್ತು."

"ಒಳಗೆ ಕಬ್ಬಿಣ ಕಾಣ್ತು, ಬಿಗ್ದು ಹೋದೆ. ಆಚೆ ನೋಡ್ಲಿಲ್ಲ. ಹಬೆ ಕುಡ್ದು ಕುಡ್ದು ಮೋಟ್ರು ಸೋರಕ್ಕೆ ಶುರುವಾಗಿದೆ. ಆ ಕರೆಂಟು ಮಣ್ಣಿಗೆ ಹೋಗಕ್ಕೆ ದಾರಿ ಇಲ್ಲ, ನಲ್ಲೀಲೇ ಕೂತಿದೆ."

"ಮತ್ತೆ ನಂಗ್ಯಾಕೆ ಹೊಡೀಲಿಲ್ಲ?" ಎಂದಳು ದೀಪಶ್ರೀ.

"ನೀವು ಮಣೆ ಮೇಲೆ ಕೂರ್ತೀರಿ, ಅಮ್ಮ ಚಪ್ಲಿ ಹಾಕಿರ್ತಾರೆ. ಒದ್ದೆ ನೆಲದಲ್ಲಿ ಕೂತು ನಲ್ಲಿ ಹಿಡಿಯೋರು ಇವ್ರೊಬ್ರೇ." ಅವನು ಚೌಡಮ್ಮನ ಕಡೆ ತಿರುಗಿದ. "ಅಜ್ಜಿ, ಮೊದಲ್ನೇ ದಿನವೇ ಹೇಳ್ಬಾರ್ದಾ?"

"ಹೇಳಿದ್ರೆ ಕೂಸನ್ನ ಕೊಡ್ತಿದ್ರಾ?" ಎಂದಳು ಚೌಡಮ್ಮ.

ವೀರೇಂದ್ರ ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ಹೊಸ ಅರ್ತಿಂಗ್ ಮಾಡಿದ. ಉಪ್ಪು ಸಾಲದೆ ಸತ್ಯಭಾಮಾ ಅಡಿಗೆ ಮನೆಯ ಜಾಡಿಯನ್ನೇ ಬರಿದು ಮಾಡಿಕೊಟ್ಟರು. ಕರೆಂಟು ಸ್ವಲ್ಪ ಸೋರಿದರೂ ತಾನಾಗಿ ಕಡಿಯುವ ಪೆಟ್ಟಿಗೆಯೊಂದನ್ನು ಮೀಟರಿನ ಪಕ್ಕ ಹಾಕಿದ. ಆ ಫ್ಯಾನು ಬಿಚ್ಚಿ, ಮೋಟರಿನೊಳಗೆ ಹಬೆ ನುಗ್ಗದಂಥ ಇನ್ನೊಂದನ್ನು ಕೂರಿಸಿದ.

ಎಲ್ಲ ಮುಗಿದು, ಟೆಸ್ಟರ್ ಇಟ್ಟು ನೋಡಿ ಸರಿಯಿದೆ ಎಂದ ಮೇಲೂ ಚೌಡಮ್ಮ ಬಚ್ಚಲ ಹೊಸ್ತಿಲು ದಾಟಲಿಲ್ಲ. ವೀರೇಂದ್ರ ಪ್ಯಾಂಟನ್ನು ಮೊಣಕಾಲಿಗೆ ಮಡಚಿದ. ನೆಲಕ್ಕೆ ಎರಡು ಚೊಂಬು ನೀರು ಸುರಿದು, ಫ್ಯಾನು ಹಾಕಿಸಿ, ಅವಳು ಕೂರುವ ಜಾಗದಲ್ಲೇ ಕಾಲು ನೀಡಿ ಕೂತು ನಲ್ಲಿ ಹಿಡಿದುಕೊಂಡ. ಅವಳು ಸಾಕು ಎನ್ನುವವರೆಗೂ ಹಾಗೇ ಕೂತಿದ್ದ.

"ಏಳಪ್ಪ, ಚಡ್ಡಿಯೆಲ್ಲ ಒದ್ದೆಯಾಯ್ತು," ಎಂದಳು ಚೌಡಮ್ಮ. ಆಮೇಲೆ ತಾನು ಕೂತಳು. ನಲ್ಲಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದಳು. "ಕೊಡಿ ಕೂಸನ್ನ."

ಎಣ್ಣೆ ಹಚ್ಚುತ್ತ ಹಚ್ಚುತ್ತ ಅವಳಿಗೆ ನೆನಪಾಯಿತು. "ಅಮ್ಮ, ದಿವ್ಯಶ್ರೀ ಮನೆಗೆ ಒಂದ್ ಫೋನ್ ಹಚ್ಚಿ. ಬೇರೆಯೋರ್ನ ಗೊತ್ತು ಮಾಡ್ಕಂಡ್ರೋ ಏನೋ."

ಅವಳ ಎರಡೂ ಕೈ ಎಣ್ಣೆಯಾಗಿದ್ದವು. ಸತ್ಯಭಾಮಾ ಬಗ್ಗಿ ನಿಂತು ಫೋನನ್ನು ಅವಳ ಕಿವಿಗೆ ಹಿಡಿದರು.

"ನಾನು ಚೌಡಮ್ಮ. ಯಾರ್ನೂ ಗೊತ್ತು ಮಾಡಿಲ್ಲ ತಾನೆ? ಹಂಗಾದ್ರೆ ನಾನೇ ಬರ್ತೀನಿ. ಕೈಗೆ ಏನಾಗಿಲ್ಲ, ಗಟ್ಟಿ ಐತೆ." ಆ ಕಡೆಯ ಮಾತು ಕೇಳಿಸಿಕೊಂಡಳು. "ಅದಿರ್ಲಿ, ನಿಮ್ ಬಚ್ಚಲಾಗೆ ಫ್ಯಾನ್ ಐತಾ? ಅದ್ರ ಹಸ್ರು ವೈರು ಎಲ್ಲಿಗೆ ಹೋಗ್ತೈತೆ ನೋಡಿ ಹೇಳಿ. ನೋಡ್ಕಂಡ್ ಬನ್ನಿ, ನಾನು ಕಾಯ್ತೀನಿ."

ಸತ್ಯಭಾಮಾ ಫೋನನ್ನು ಹಾಗೆಯೇ ಹಿಡಿದುಕೊಂಡಿದ್ದರು.